ಹೈಕೋರ್ಟ್ ಬಿಟ್ಟರೂ ಊರು ಬಿಡುತ್ತಿಲ್ಲ

ಪ್ರಶ್ನೆ: ಕೊಲೆ ಕೇಸಿನಲ್ಲಿ ಸೆಷನ್ಸ್ ಕೋರ್ಟ್ ನನ್ನ ಅಣ್ಣನಿಗೆ ಜೀವಾವಧಿ ಶಿಕ್ಷೆ ಕೊಟ್ಟಿತ್ತು. ಎಂಟು ವರ್ಷ ಜೈಲಿನಲ್ಲಿದ್ದ. ಈಗ ಹೈಕೋರ್ಟಿನ ಕಲಬುರಗಿ ಪೀಠ ಖುಲಾಸೆ ಮಾಡಿದೆ. ಊರಲ್ಲಿ ಮಾತ್ರ, 'ಸಂಶಯದ ಲಾಭ ಕೊಟ್ಟು ಬಿಟ್ಟಾರ, ನಿರಪರಾಧಿ ಅಂತ ಎಲ್ಲಿ ಹೇಳ್ಯಾರ?' ಅನ್ನುತ್ತಾರೆ. ಅವನು ಮನೆಬಿಟ್ಟು ಹೊರಗೇ ಬರುತ್ತಿಲ್ಲ. ಶಿಕ್ಷೆಯಾದಾಗ ಹೋದ ಸರ್ಕಾರಿ ನೌಕರಿ ವಾಪಸ್ ಸಿಗುವುದೇ? ಪರಿಹಾರ ಕೇಳಬಹುದೇ?
– ಹೆಸರು ಬೇಡ, ವಿಜಯಪುರ ಜಿಲ್ಲೆ

ಉತ್ತರ: ಮೊದಲು ಊರವರ ಮಾತು. 'ಈತ ನಿರಪರಾಧಿ' ಎಂದು ಕ್ರಿಮಿನಲ್ ಕೋರ್ಟು ಸರ್ಟಿಫಿಕೇಟ್ ಬರೆದುಕೊಡುವುದಿಲ್ಲ. ಪ್ರಾಸಿಕ್ಯೂಷನ್ ಆರೋಪವನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಿತೇ ಎಂಬುದಷ್ಟೇ ಅದರ ಮುಂದಿರುವ ಪ್ರಶ್ನೆ. ಅಪೀಲಿನಲ್ಲಿ ತೀರ್ಪು ರದ್ದಾಯಿತೆಂದರೆ ಶಿಕ್ಷೆ ಮಾಫಿಯಾಯಿತು ಎಂದಲ್ಲ, ಅಪರಾಧಿ ಎಂಬ ತೀರ್ಮಾನವೇ ಅಳಿಸಿಹೋಯಿತು. ಬಂಧನಕ್ಕೆ ಮುಂಚೆ ನಿಮ್ಮ ಅಣ್ಣ ಕಾನೂನಿನ ದೃಷ್ಟಿಯಲ್ಲಿ ಹೇಗಿದ್ದರೋ ಇವತ್ತೂ ಹಾಗೆಯೇ ಇದ್ದಾರೆ. ಇದನ್ನು ಊರವರಿಗಿಂತ ಮೊದಲು ಅವರಿಗೇ ಹೇಳಿ, ಮತ್ತೆ ಮತ್ತೆ ಹೇಳಿ.

ಕೋರ್ಟು ಶಿಕ್ಷೆ ಕೊಟ್ಟಿದ್ದರೆ ಏನೋ ಇದ್ದೇ ಇರಬೇಕು ಎನ್ನುವವರಿಗೆ ಮಹಾರಾಷ್ಟ್ರದ ಒಂದು ಪ್ರಕರಣ ತಿಳಿಸಿ. 2003ರಲ್ಲಿ ಅಲ್ಲಿ ಒಂದೇ ಕುಟುಂಬದ ಐವರ ಕೊಲೆಯಾಯಿತು. ಅಲೆಮಾರಿ ಸಮುದಾಯದ ಆರು ಜನರಿಗೆ 2006ರಲ್ಲಿ ಗಲ್ಲು ಶಿಕ್ಷೆಯಾಯಿತು. ಮರುವರ್ಷ ಬಾಂಬೆ ಹೈಕೋರ್ಟ್ ಮೂವರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. 2009ರಲ್ಲಿ ಸುಪ್ರೀಂ ಕೋರ್ಟ್ ಆರೂ ಜನರಿಗೆ ಗಲ್ಲೇ ಸರಿ ಎಂದಿತು. ಆಮೇಲೆ ಅದೇ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಹಿಂಪಡೆದು, ಅಪೀಲನ್ನು ಹೊಸದಾಗಿ ಕೇಳಿ, 2019ರ ಮಾರ್ಚ್ 5ರಂದು ಆರೂ ಜನರನ್ನು ಖುಲಾಸೆ ಮಾಡಿತು. ದಾಳಿಯಲ್ಲಿ ಬದುಕುಳಿದ ಮಹಿಳೆ ಪೊಲೀಸರ ಫೋಟೊಗಳಲ್ಲಿ ಬೇರೆಯೇ ನಾಲ್ವರನ್ನು ಗುರುತಿಸಿದ್ದರು. ಆ ನಾಲ್ವರ ಮೇಲೆ ತನಿಖೆಯೇ ನಡೆದಿರಲಿಲ್ಲ! ಒಬ್ಬೊಬ್ಬರಿಗೆ 5 ಲಕ್ಷ ರೂಪಾಯಿ ಕೊಡುವಂತೆ ರಾಜ್ಯ ಸರ್ಕಾರಕ್ಕೆ ಆದೇಶವಾಯಿತು. ಸುಮಾರು 16 ವರ್ಷದ ಸೆರೆವಾಸಕ್ಕೆ ಇದನ್ನು ಹಂಚಿ ನೋಡಿ, ವರ್ಷಕ್ಕೆ ಮೂವತ್ತೊಂದು ಸಾವಿರ ಚಿಲ್ಲರೆ. ಆ ಲೆಕ್ಕ ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಆ 5 ಲಕ್ಷವೂ ಹಕ್ಕಿನಿಂದ ಬಂದದ್ದಲ್ಲ, ನ್ಯಾಯಾಲಯ ತನ್ನ ವಿಶೇಷ ಅಧಿಕಾರ ಬಳಸಿ ಕೊಡಿಸಿದ್ದು. ತಪ್ಪಾಗಿ ಶಿಕ್ಷೆ ಅನುಭವಿಸಿದವರಿಗೆ ಇಂತಿಷ್ಟು ಕೊಡಬೇಕೆಂಬ ಕಾಯ್ದೆ ನಮ್ಮಲ್ಲಿಲ್ಲ. ಅಂಥದೊಂದು ಬೇಕೆಂದು ಕಾನೂನು ಆಯೋಗ 2018ರಲ್ಲೇ ತನ್ನ 277ನೇ ವರದಿಯಲ್ಲಿ ಶಿಫಾರಸು ಮಾಡಿತ್ತು. 2025ರ ಜುಲೈನಲ್ಲಿ, ತಮಿಳುನಾಡಿನ ಗಲ್ಲು ಕೈದಿಯೊಬ್ಬರನ್ನು ಬಿಡುಗಡೆ ಮಾಡುವಾಗ, ಸುಪ್ರೀಂ ಕೋರ್ಟ್ ಈ ಕೊರತೆಯನ್ನು ಮತ್ತೆ ಎತ್ತಿ ತೋರಿಸಿತು. ಕಾರಣವಿಲ್ಲದೆ ಬಂಧನ ಮಾಡಿಸಿದವರಿಂದ ಕೊಡಿಸುವ ಪರಿಹಾರವೊಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿತ್ತು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ಅದರ ಮಿತಿ ಒಂದು ಸಾವಿರ ರೂಪಾಯಿ.

ಹಾಗಿದ್ದರೂ ಎರಡು ದಾರಿಗಳಿವೆ. ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿ ಸರ್ಕಾರದಿಂದ ಪರಿಹಾರ ಕೇಳುವುದು ಒಂದು. ಇದಕ್ಕೆ ಖುಲಾಸೆಯಾಯಿತು ಎಂಬುದೊಂದೇ ಸಾಲದು. ಸುಳ್ಳು ಮಹಜರು, ಬಚ್ಚಿಟ್ಟ ಹೇಳಿಕೆ, ಹೆದರಿಸಿ ಹೇಳಿಸಿದ ಸಾಕ್ಷಿ, ಹೀಗೆ ತನಿಖೆಯಲ್ಲೇ ಅನ್ಯಾಯವಾಗಿದೆ ಎಂದು ತೋರಿಸಬೇಕು. ತೀರ್ಪಿನ ದೃಢೀಕೃತ ನಕಲು ಪಡೆದು, ತನಿಖೆಯ ಬಗ್ಗೆ ನ್ಯಾಯಮೂರ್ತಿಗಳು ಆಡಿರುವ ಮಾತುಗಳನ್ನೆಲ್ಲ ಗುರುತು ಹಾಕಿಕೊಳ್ಳಿ. ನಿಮ್ಮ ಅರ್ಜಿಯ ಜೀವಾಳ ಅಲ್ಲಿದೆ. ಇನ್ನೊಂದು, ದುರುದ್ದೇಶದ ಮೊಕದ್ದಮೆ ಹೂಡಿದವರ ಮೇಲೆ ಸಿವಿಲ್ ದಾವೆ. ಅಲ್ಲಿ ಕೇಡು ಬಗೆಯುವ ಉದ್ದೇಶವಿತ್ತೆಂದು ನೀವೇ ಸಾಬೀತು ಮಾಡಬೇಕು. ಈ ದಾವೆಗೆ ಖುಲಾಸೆಯಾದ ದಿನದಿಂದ ಒಂದೇ ವರ್ಷದ ಗಡುವು.

ನೌಕರಿಯ ವಿಷಯ. ಶಿಕ್ಷೆಯಾಯಿತು ಎಂಬ ಒಂದೇ ಕಾರಣಕ್ಕೆ ವಜಾ ಮಾಡಿದ್ದರೆ ಆ ಕಾರಣವೇ ಈಗ ಉಳಿದಿಲ್ಲ. ತೀರ್ಪಿನ ನಕಲಿನೊಂದಿಗೆ ಇಲಾಖೆಗೆ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಇಲಾಖೆ ಪ್ರತ್ಯೇಕ ವಿಚಾರಣೆ ನಡೆಸಬಹುದು, ಹಿಂದಿನ ವೇತನಕ್ಕೆ ತಕರಾರು ತೆಗೆಯಲೂಬಹುದು. 'ಸಂಶಯದ ಲಾಭ' ಎಂಬ ಮಾತನ್ನು ಅವರು ಎತ್ತುವುದು ಅಲ್ಲೇ. ಸಾಕ್ಷ್ಯವೇ ಇರಲಿಲ್ಲ ಎಂದು ತೀರ್ಪು ಹೇಳಿದ್ದರೆ ಆ ಸಾಲುಗಳನ್ನು ಮನವಿಯಲ್ಲೇ ಬರೆಯಿರಿ.

ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗುವುದಾದರೆ ಅದಕ್ಕಿರುವ ಅವಧಿ 90 ದಿನ. ನೋಟಿಸ್ ಬಂದರೆ ಗಾಬರಿಯಾಗಬೇಡಿ, ನಿರ್ಲಕ್ಷ್ಯವನ್ನೂ ಮಾಡಬೇಡಿ. ವಕೀಲರ ಫೀಸು ಕಷ್ಟವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ಪರಿಶಿಷ್ಟ ಜಾತಿ, ಪಂಗಡ ಮೊದಲಾದ ಕೆಲವು ವರ್ಗದವರಿಗೆ ಆದಾಯದ ಮಿತಿಯಿಲ್ಲದೆ, ಉಳಿದವರಿಗೆ ಆದಾಯ ನೋಡಿ, ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಸಾಧ್ಯವಾದರೆ ಅಲ್ಲಿಗೆ ಅಣ್ಣನನ್ನೂ ಜೊತೆಗೆ ಕರೆದುಕೊಂಡು ಹೋಗಿ.