ಹಳೆಯ ಫೆರಿಯ ಹೆಸರನ್ನೇ ಹೊಸ ಫೆರಿಗೂ ಇಡುವುದೇಕೆ?

ಹೆಸರು ಹಡಗಿಗಿಂತ ಹೆಚ್ಚಾಗಿ ಆ ಮಾರ್ಗದ ಸೇವೆಗೆ ಸೇರಿದ್ದು, ಅದಕ್ಕೇ. ಹಡಗು ಕೆಲವು ದಶಕಗಳಲ್ಲಿ ಹಳತಾಗುತ್ತದೆ, ಪ್ರಯಾಣಿಕರ ನಂಬಿಕೆ ಮಾತ್ರ ಹೆಸರಿನ ಮೇಲೆ ಉಳಿಯುತ್ತದೆ. ನಮ್ಮ ಬೆಂಗಳೂರು–ಚೆನ್ನೈ ಬೃಂದಾವನ ಎಕ್ಸ್‌ಪ್ರೆಸ್ 1964ರಿಂದ ಓಡುತ್ತಿದೆ. ಎಂಜಿನ್, ಬೋಗಿಗಳೆಲ್ಲ ಬದಲಾದರೂ ನಮಗದು ಅದೇ ರೈಲು.

ಬ್ರಿಟನ್–ಐರ್ಲೆಂಡ್ ನಡುವಿನ ಐರಿಶ್ ಸಮುದ್ರದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆಗಳಿವೆ. ವೇಲ್ಸ್‌ನ ಹೋಲಿಹೆಡ್‌ನಿಂದ ಡಬ್ಲಿನ್ ಬಳಿಯ ಕಿಂಗ್ಸ್‌ಟೌನ್‌ಗೆ ಟಪಾಲು, ಜನರನ್ನು ಒಯ್ಯಲು 1860ರಲ್ಲಿ ನಾಲ್ಕು ಹಡಗುಗಳು ಬಂದವು: ಅಲ್ಸ್ಟರ್, ಮನ್‌ಸ್ಟರ್, ಲೆನ್‌ಸ್ಟರ್, ಕನಾಟ್. ನಾಲ್ಕೂ ಐರ್ಲೆಂಡಿನ ಪ್ರಾಂತ್ಯಗಳ ಹೆಸರು. 1896–97ರಲ್ಲಿ ಅವುಗಳ ಜಾಗಕ್ಕೆ ಬಂದ ನಾಲ್ಕು ಹೊಸ ಹಡಗುಗಳಿಗೂ ಅವೇ ಹೆಸರು. 1918ರ ಅಕ್ಟೋಬರ್ 10ರಂದು ಜರ್ಮನ್ ಜಲಾಂತರ್ಗಾಮಿ ಮುಳುಗಿಸಿದ್ದು ಎರಡನೆಯ ಲೆನ್‌ಸ್ಟರನ್ನು. 500ಕ್ಕೂ ಹೆಚ್ಚು ಜನ ತೀರಿಕೊಂಡರು.

ಸ್ಕಾಟ್ಲೆಂಡಿನ ಸ್ಟ್ರಾನ್ರಾರ್‌ನಿಂದ ಉತ್ತರ ಐರ್ಲೆಂಡಿನ ಲಾರ್ನ್‌ಗೆ ಹೋಗುವ ಮಾರ್ಗದ 'ಪ್ರಿನ್ಸೆಸ್ ವಿಕ್ಟೋರಿಯಾ' ಕಥೆಯೂ ನೋವಿನದೇ. 1939ರದು ಯುದ್ಧದಲ್ಲಿ, 1940ರಲ್ಲಿ, ಸಮುದ್ರದಲ್ಲಿಟ್ಟಿದ್ದ ಮೈನ್‌ಗೆ (ಸ್ಫೋಟಕಕ್ಕೆ) ಬಲಿಯಾಯಿತು. ಅದೇ ಹೆಸರಿನ ಮುಂದಿನ ಹಡಗು 1953ರ ಜನವರಿ 31ರ ಬಿರುಗಾಳಿಯಲ್ಲಿ 130ಕ್ಕೂ ಹೆಚ್ಚು ಜನರೊಂದಿಗೆ ಮುಳುಗಿತು. 1961ರಲ್ಲಿ ಆ ಮಾರ್ಗಕ್ಕೆ ಬಂದ ಹೊಸ ಫೆರಿಗೆ 'ಕ್ಯಾಲಿಡೋನಿಯನ್ ಪ್ರಿನ್ಸೆಸ್' ಎಂದು ಹೆಸರಿಟ್ಟರು. ನನ್ನ ಮಟ್ಟಿಗೆ ಅದು ಸರಿಯಾದ ನಿರ್ಧಾರ.

ಹಾಗಾದರೆ ಒಂದೇ ಹೆಸರಿನ ಹಡಗುಗಳನ್ನು ಬೇರೆ ಬೇರೆಯಾಗಿ ಗುರುತಿಸುವುದು ಹೇಗೆ? ಹಳೆಯ ಹಡಗುಗಳಿಗೆ ಹೆಸರಿನ ಜೊತೆ ನಿರ್ಮಾಣದ ವರ್ಷ ಸೇರಿಸಿ ಓದಬೇಕು. ಈಗಿನ ದೊಡ್ಡ ಪ್ರಯಾಣಿಕ ಹಡಗುಗಳಿಗೆ ಏಳು ಅಂಕಿಯ ಐಎಂಒ (ಅಂತರರಾಷ್ಟ್ರೀಯ ಕಡಲ ಸಂಸ್ಥೆ) ಸಂಖ್ಯೆ ಇರುತ್ತದೆ. ಹೆಸರು, ಮಾಲೀಕರು, ಧ್ವಜ ಬದಲಾದರೂ ಅದು ಬದಲಾಗುವುದಿಲ್ಲ.