ಹಾಡು ಮಾರಿದೆ ಅಂದುಕೊಂಡ ಹುಡುಗ

ನಾನು ಮನಸ್ಸಿನ ಸಲಹೆಗಾರ್ತಿ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಜಮಖಂಡಿ ಕಡೆಯ ಹುಡುಗ, ವಯಸ್ಸು 22. ತಾನೇ ಬರೆದು, ಧಾಟಿ ಕಟ್ಟಿ ಹಾಡಿದ ಹಾಡು ಯೂಟ್ಯೂಬಿನಲ್ಲಿ ಓಡುತ್ತಿದೆ. ಕೆಳಗೆ ಅವನ ಹೆಸರೇ ಇಲ್ಲ. ನಿದ್ದೆ ಕೆಟ್ಟಿತ್ತು, ಬರೆಯುವುದು ನಿಂತಿತ್ತು. ಇಂಥವರು ನನ್ನ ಬಳಿಗೆ ಮತ್ತೆ ಮತ್ತೆ ಬರುತ್ತಿದ್ದಾರೆ.

ಮೂರನೇ ಭೇಟಿಯಲ್ಲಿ ಗಂಟು ಕಂಡಿತು.

"ಮೂರ ಸಾವಿರಕ್ಕ ಮಾರಿಬಿಟ್ಟೀನ್ರಿ ಮೇಡಂ. ಈಗ ಏನ ಕೇಳ್ಲಿ?"

"ಸಹಿ ಎಲ್ಲಿ ಮಾಡೀರಿ?"

ಬಹಳ ಹೊತ್ತು ಸುಮ್ಮನಿದ್ದ. "ಸಹಿನ ಮಾಡಿಲ್ರಿ. ಫೋನಿಗೆ ರೊಕ್ಕ ಹಾಕಿದ್ರು. ಸ್ಟುಡಿಯೋದ ಅಣ್ಣಾರು ಮೊದಲನೇ ಚಾನ್ಸ್ ಕೊಟ್ಟವ್ರು. ಅವರಿಗೆ ಕಾಗದ ಕೇಳೂದು ಹೆಂಗ್ರಿ?"

ಋಣವನ್ನೂ ಹಕ್ಕನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟಿದ್ದ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ ಪ್ರಕಾರ ಬರಹದಲ್ಲಿ ಸಹಿ ಇಲ್ಲದೆ ಹಕ್ಕು ಕೈ ಬದಲಾಗುವುದಿಲ್ಲ. ಹಾಡಿನಲ್ಲಿ ಸಾಹಿತ್ಯ, ಧಾಟಿ, ಧ್ವನಿಮುದ್ರಣ ಬೇರೆ ಬೇರೆ ಆಸ್ತಿ. ಮುಂದಾಗಿ ಹೊಣೆ ಹೊತ್ತು ಮಾಡಿಸಿದವರದು ಧ್ವನಿಮುದ್ರಣ; ಪದ, ಧಾಟಿ ಇವನದೇ. ಧಾಟಿ ಹಳೆಯ ಜನಪದದ್ದಾಗಿದ್ದರೆ ಈ ಮಾತು ಪದಕ್ಕಷ್ಟೇ. ಅದನ್ನು ಮೊದಲೇ ಕೇಳಿಕೊಂಡೆ.

ಗೆಳೆಯರು "ಸ್ಟ್ರೈಕ್ ಹಾಕು", ಅಂದರೆ ಯೂಟ್ಯೂಬಿಗೆ ದೂರು ಕೊಟ್ಟು ಹಾಡು ತೆಗೆಸು, ಎಂದಿದ್ದರು. ಬೇಡ ಎಂದೆ. ಧ್ವನಿಮುದ್ರಣ ಸ್ಟುಡಿಯೋದವರದು, ಹಾಡಲು ಇವನೇ ಒಪ್ಪಿದ್ದ. ದೂರು ತಿರುಗಿಬಿದ್ದರೆ ನಿಭಾಯಿಸುವ ಶಕ್ತಿ ಅವನಿಗಿರಲಿಲ್ಲ. ಬದಲಿಗೆ ಹೆಸರು ಕೇಳು ಎಂದೆ. ಕರ್ತೃ ಎಂದು ಹೇಳಿಕೊಳ್ಳುವ ಹಕ್ಕು ಅದೇ ಕಾಯ್ದೆಯ 57ನೇ ಕಲಮಿನಲ್ಲಿದೆ.

ಮುಂದಿನ ಹಾಡುಗಳಿಗೆ: ವಹಿಯಲ್ಲಿ ತಾರೀಖು ಹಾಕಿ ಬರೆಯುವುದು, ಫೋನಿನಲ್ಲಿ ಮೊದಲು ಗುನುಗಿದ್ದನ್ನು ಅಳಿಸದಿರುವುದು. ಕೃತಿಸ್ವಾಮ್ಯದ ನೋಂದಣಿ ಕಡ್ಡಾಯವಲ್ಲ, ಬೇಕೆಂದರೆ ಸಾಹಿತ್ಯಕ್ಕೆ 500, ಸಂಗೀತಕ್ಕೆ 500 ರೂಪಾಯಿ. ಕರಾರಿನಲ್ಲಿ ಅವಧಿ, ಪ್ರದೇಶ, ರಾಯಧನ (ರಾಯಲ್ಟಿ) ಇರಲೇಬೇಕು. ಅವಧಿ ಬರೆಯದಿದ್ದರೆ ಕಾನೂನು 5 ವರ್ಷ ಎಂದು ಹಿಡಿಯುತ್ತದೆ. ಆದರೆ ಬಾಂಡ್ ಪೇಪರಿನಲ್ಲಿ "ಆಜೀವ ಪರ್ಯಂತ" ಎಂದಿದ್ದು ಸಹಿ ಬಿದ್ದರೆ ಆ ಆಸರೆಯೂ ಇಲ್ಲ. ಹುಡುಗರು ಸಿಕ್ಕಿಕೊಳ್ಳುವುದು ಇಲ್ಲೇ.

ಮನಸ್ಸಿನ ಸಲಹೆಗಾರರಿಗೆ ಕಾಯ್ದೆಯ ಮಾತೇಕೆ ಎನ್ನುವವರಿದ್ದಾರೆ. ಸಹಿಯೇ ಮಾಡದ ಕಾಗದವೊಂದು ಅವನ ನಿದ್ದೆ ಕೆಡಿಸಿತ್ತು. ಅದನ್ನು ಬಿಟ್ಟು ಬರೀ ಉಸಿರಾಟ ಕಲಿಸಿ ಕಳಿಸುವುದು ನನಗೆ ಸರಿ ಕಾಣಲಿಲ್ಲ. ಕರಾರು ಬಂದಾಗ ವಕೀಲರಿಗೆ ತೋರಿಸೆಂದೂ ಹೇಳಿದ್ದೇನೆ.

ಫೋನಿನಲ್ಲಿ ಆಡಬೇಕಾದ ಮಾತನ್ನು ಕೋಣೆಯಲ್ಲೇ ಮೂರು ಸಲ ಆಡಿಸಿದೆ. "ಅಣ್ಣಾರ, ನಿಮ್ಮ ಉಪಕಾರ ಮರಿಯೂದಿಲ್ರಿ. ಸಾಹಿತ್ಯ, ಸಂಗೀತ ಅಂತ ಹಾಡಿನ ಕೆಳಗ ನನ್ನ ಹೆಸರ ಹಾಕ್ರಿ." ಮೊದಲೆರಡು ಸಲ ಅವನ ದನಿ "ಉಪಕಾರ"ದ ಹತ್ತಿರವೇ ನಿಂತುಬಿಟ್ಟಿತು.

ಹೆಸರು ಬಿದ್ದಿದೆ. ರಾಯಧನದ ಮಾತು ಇನ್ನೂ ಬಾಕಿ.