ನಮ್ಮ ನೆಲದ ಮೌಲ್ಯವೂ ಬೀರುವಿನ ಬೀಗವೂ

ಪತ್ರ: ನಮ್ಮೂರ ಪ್ರೌಢಶಾಲೆಯ ಗ್ರಂಥಾಲಯದಲ್ಲಿ ಊರಿನ ನಂಬಿಕೆಗೆ ಒಗ್ಗದ ಕೆಲವು ಕಾದಂಬರಿಗಳಿವೆ. ಅಮೆರಿಕದಲ್ಲಿ ಶಾಲಾ ಮಂಡಳಿಗಳೇ ಇಂಥ ಪುಸ್ತಕಗಳನ್ನು ತೆಗೆಸುತ್ತವೆ. ಸ್ಥಳೀಯ ಮೌಲ್ಯಗಳನ್ನು ಕಾಯಲು ನಮ್ಮ ಎಸ್‌ಡಿಎಂಸಿಗೂ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಆ ಅಧಿಕಾರ ಬೇಡವೇ?
– ಓದುಗರು, ನಿವೃತ್ತ ಶಿಕ್ಷಕರು, ಸೇಡಂ ತಾಲ್ಲೂಕು

ಗುರುಗಳೇ, ಶರಣು. ಯಾವ ವಯಸ್ಸಿನ ಮಗುವಿನ ಕೈಗೆ ಯಾವ ಪುಸ್ತಕ ಕೊಡಬೇಕೆಂದು ಯೋಚಿಸುವುದು ಹಿರಿಯರ ಹೊಣೆ. ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಕೊಡುವಾಗ ಆರಿಸುವುದು ಬೇರೆ, ಇದ್ದದ್ದನ್ನು ಯಾರಿಗೂ ಸಿಗದಂತೆ ಮಾಡುವುದು ಬೇರೆ.

ಅಮೆರಿಕದ ಮಾತೆತ್ತಿದ್ದೀರಿ. 1975ರಲ್ಲಿ ನ್ಯೂಯಾರ್ಕ್ ರಾಜ್ಯದ ಐಲೆಂಡ್ ಟ್ರೀಸ್ ಶಾಲಾ ಮಂಡಳಿಯ ಕೆಲವರು ಒಂದು ಸಮ್ಮೇಳನದಿಂದ ಆಕ್ಷೇಪಾರ್ಹ ಪುಸ್ತಕಗಳ ಪಟ್ಟಿ ತಂದು, ರಾತ್ರಿ ಹೊತ್ತಿನಲ್ಲಿ ಶಾಲೆಯ ಗ್ರಂಥಾಲಯ ಹೊಕ್ಕು, ಅಲ್ಲಿಯ ಕಾರ್ಡುಗಳಲ್ಲಿ ಆ ಹೆಸರುಗಳನ್ನು ಹುಡುಕಿದರು. ಆಮೇಲೆ ಪುಸ್ತಕಗಳನ್ನು ತೆಗೆಸಿದರು; ತಾವೇ ನೇಮಿಸಿದ ಪರಿಶೀಲನಾ ಸಮಿತಿಯ ಸಲಹೆಯನ್ನೂ ಬಹುಮಟ್ಟಿಗೆ ಬದಿಗೊತ್ತಿದರು. ಸಮುದಾಯದ ಮೌಲ್ಯಗಳನ್ನು ಮಕ್ಕಳಿಗೆ ದಾಟಿಸುವುದು ತಮ್ಮ ಕರ್ತವ್ಯವೆಂಬ, ನೀವು ಬರೆದಂಥದೇ ವಾದ ಅವರದೂ ಆಗಿತ್ತು. ಸ್ಟೀವನ್ ಪಿಕೊ ಎಂಬ ವಿದ್ಯಾರ್ಥಿ ಗೆಳೆಯರೊಡನೆ ನ್ಯಾಯಾಲಯದ ಮೆಟ್ಟಿಲು ಹತ್ತಿದ. 1982ರಲ್ಲಿ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರಂತೆ ವಿದ್ಯಾರ್ಥಿಗಳ ಪರ ನಿಂತಿತು. ವಿಚಾರ ಹಿಡಿಸಲಿಲ್ಲವೆಂಬ ಒಂದೇ ಕಾರಣಕ್ಕೆ ಶಾಲಾ ಗ್ರಂಥಾಲಯದ ಪುಸ್ತಕ ತೆಗೆಯುವಂತಿಲ್ಲ ಎಂಬುದು ನ್ಯಾಯಮೂರ್ತಿ ಬ್ರೆನನ್ ಅವರ ಅಭಿಪ್ರಾಯವಾಗಿತ್ತು. ತೆಗೆಸುವವರು ಅಲ್ಲಿ ಇಂದಿಗೂ ಇದ್ದಾರೆ, ನಿಜ. ಆದರೆ ಐಲೆಂಡ್ ಟ್ರೀಸ್‌ನ ಪುಸ್ತಕಗಳು ಕೊನೆಗೆ ಕಪಾಟಿಗೆ ಮರಳಿದವು.

ಅಷ್ಟು ದೂರ ಹೋಗುವುದಾದರೂ ಏಕೆ? ಕಾಗಿಣಾ ದಂಡೆಯ ಮಳಖೇಡ ನಿಮ್ಮದೇ ತಾಲ್ಲೂಕಿನದು. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ, ಪರವಿಚಾರವನ್ನೂ ಪರಧರ್ಮವನ್ನೂ ಸೈರಿಸಬಲ್ಲುದೇ ನಿಜವಾದ ಕಸವರ, ಅಂದರೆ ಬಂಗಾರ, ಎಂದಿತು. ನಮ್ಮ ನೆಲದ ಮೌಲ್ಯವೆಂದು ನಾನು ಎದೆ ತಟ್ಟಿ ಹೇಳಿಕೊಳ್ಳುವುದು ಅದನ್ನು. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಘಟಿಕಾಸ್ಥಾನ, ಅಂದರೆ ಉನ್ನತ ವಿದ್ಯಾಕೇಂದ್ರ, ಇತ್ತು. 1058ರ ಅಲ್ಲಿಯ ಶಾಸನ, ವೇದ ಓದುವ ಇನ್ನೂರು ಮತ್ತು ಶಾಸ್ತ್ರ ಓದುವ ಐವತ್ತೆರಡು ವಿದ್ಯಾರ್ಥಿಗಳ ಜೊತೆಗೆ ಆರು ಜನ ಸರಸ್ವತಿ ಭಂಡಾರಿಗರನ್ನು ಹೆಸರಿಸುತ್ತದೆ. ಪುಸ್ತಕ ಕಾಯಲೆಂದೇ ಆರು ಜನ, ಗುರುಗಳೇ! ಬೀದರಿನಲ್ಲಿ ಮಹಮೂದ್ ಗವಾನನು 1472ರಲ್ಲಿ ಮುಗಿಸಿದ ಮದರಸಾದಲ್ಲಿಯೂ ದೊಡ್ಡ ಗ್ರಂಥಭಂಡಾರವಿತ್ತು. ಕಲ್ಯಾಣದಲ್ಲಿ ಗಲಭೆಯೆದ್ದಾಗ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯತ್ತ ನಡೆದರೆಂಬ ಐತಿಹ್ಯವನ್ನು ನೀವೇ ಎಷ್ಟು ಮಕ್ಕಳಿಗೆ ಹೇಳಿದ್ದೀರೋ! ಅಂದಿನವರಿಗೆ ಹಿಡಿಸದ ಮಾತುಗಳೇ ಇಂದು ನಮ್ಮ ಪ್ರಾರ್ಥನೆಯಾಗಿವೆ.

ಕಳೆದ ವರ್ಷ ಒಂದು ಹಳ್ಳಿಯ ಸರ್ಕಾರಿ ಶಾಲೆಗೆ ಹೋಗಿದ್ದೆ. ಗ್ರಂಥಾಲಯವೆಂದರೆ ಮುಖ್ಯಗುರುಗಳ ಕೋಣೆಯಲ್ಲಿ ಹಾಜರಿ ಪುಸ್ತಕ, ಬಿಸಿಯೂಟದ ಲೆಕ್ಕದ ವಹಿಗಳ ಹಿಂದೆ ನಿಂತ ಒಂದು ಉಕ್ಕಿನ ಬೀರು. ಬೀಗದ ಕೈ ಹುಡುಕಲು ಹತ್ತು ನಿಮಿಷ ಹಿಡಿಯಿತು. ಬಾಗಿಲು ತೆರೆದಾಗ ನುಸಿಗುಳಿಗೆಯ ವಾಸನೆ. ಕೈಗೆ ಸಿಕ್ಕ ಪುಸ್ತಕಗಳ ಹಿಂಬದಿಯ ತಾರೀಖಿನ ಚೀಟಿ ಖಾಲಿ. ಒಂದರಲ್ಲಿ ಎರಡು ಹಾಳೆಗಳು ಇನ್ನೂ ಅಂಟಿಕೊಂಡೇ ಇದ್ದವು. ಪುಸ್ತಕ ಕಳೆದರೆ ತಮ್ಮ ಸಂಬಳದಿಂದ ಕಟ್ಟಬೇಕಾದೀತೆಂಬ ಹೆದರಿಕೆಯಿಂದ ಯಾರಿಗೂ ಕೊಡುವುದಿಲ್ಲವೆಂದು ಆ ಮುಖ್ಯಗುರುಗಳು ಹೇಳಿದರು. ಅವರನ್ನು ದೂರುವ ಮನಸ್ಸು ನನಗಾಗಲಿಲ್ಲ. ಗ್ರಂಥಪಾಲಕರ ಹುದ್ದೆಯೇ ಆ ಶಾಲೆಗಿಲ್ಲ. ಫಲಿತಾಂಶ ಬಂದಾಗಲೆಲ್ಲ ಕಲ್ಯಾಣ ಕರ್ನಾಟಕ ಹಿಂದುಳಿಯಿತೆಂದು ಮರುಗುವವರು, ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ಹೆಸರಿನಲ್ಲಿ ಕಟ್ಟಡ ಕಟ್ಟಿಸುವವರು, ಈ ಬೀರುವಿನ ಬಗ್ಗೆ ಸಭೆಯಲ್ಲಿ ಎಂದಾದರೂ ಒಂದು ಮಾತು ಆಡಿದ್ದಾರೆಯೇ? ಓದಲು ಪುಸ್ತಕವೇ ಸಿಗದ ಮಗುವಿನಿಂದ ಯಾವ ಪುಸ್ತಕ ಕಸಿಯೋಣವೆಂದು ನಾವು ಚರ್ಚಿಸುತ್ತಿದ್ದೇವೆ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಆ ಕಾದಂಬರಿಗಳನ್ನು ನೀವು ಓದಿದ್ದಾಗಿ ಅದರಲ್ಲೆಲ್ಲೂ ಇಲ್ಲ. ಮುಂದಿನ ಎಸ್‌ಡಿಎಂಸಿ ಸಭೆಗೆ ಮೊದಲು ಬೀರು ತೆರೆಸಿ, ಅವನ್ನು ಮನೆಗೆ ಒಯ್ದು ಪೂರ್ತಿ ಓದಿ, ನಿಮಗೆ ನೋವಾದ ಪುಟ ಯಾವುದೆಂದು ನನಗೆ ಬರೆಯಿರಿ. ಆ ಪತ್ರವನ್ನೂ ಇದೇ ಅಂಕಣದಲ್ಲಿ ಅಚ್ಚು ಹಾಕುತ್ತೇನೆ. ಒಯ್ಯುವಾಗ ಹಿಂಬದಿಯ ಚೀಟಿಯಲ್ಲಿ ತಾರೀಖು ಹಾಕಿಸುವುದನ್ನು ಮಾತ್ರ ಮರೆಯಬೇಡಿ.

– ಸಂಪಾದಕ